ಬೆಳಕೆಂದುಕೊಂಡ ಬಿರುಕು

ಮಾರ್ಕೋನಹಳ್ಳಿ ದಾರಿಯ ಪಾಳು ಮಂಟಪವನ್ನು ಮೂರು ಹೊತ್ತಿನ ಬೆಳಕಿನಲ್ಲೂ ಫೋಟೋ ತೆಗೆದು ಲೋಕೋಪಕಾರ ಮಾಡಬೇಕೆಂದು ನಿವೃತ್ತನಾದ ಮಾರನೆಯ ದಿನವೇ ಸಂಕಲ್ಪ ಮಾಡಿದೆ. ಲೋಕವೇನೂ ಕೇಳಿರಲಿಲ್ಲ. ಮಂಟಪದ ನೆತ್ತಿಯ ಮೇಲೆ ಅರಳಿಮರ ಬೆಳೆದು, ಕಂಬಗಳಿಗೆ ಬೇರು ಸುತ್ತಿತ್ತು. ಆಡು ಮೇಯಿಸುವ ಮುದುಕಿಯೊಬ್ಬಳು ದಿನವೂ ಮಧ್ಯಾಹ್ನ ಅದರೊಳಗೆ ಮಲಗುತ್ತಿದ್ದಳು. "ಸ್ವಲ್ಪ ಆಚೆ ಹೋಗಮ್ಮ, ಫೋಟೋದಲ್ಲಿ ಬೀಳ್ತೀಯ" ಎಂದು ಅವಳನ್ನು ಎಬ್ಬಿಸುವುದು ನನ್ನ ಕಲಾಧರ್ಮವಾಗಿತ್ತು.

ಮೊನ್ನೆ ತುಮಕೂರಿನ ಮನೆಯಲ್ಲಿ ಹಳೆಯ, ಹೊಸ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಸಂಜೆಯ ಫೋಟೋದಲ್ಲಿ ಮಂಟಪದ ಚಾವಣಿಯ ಚಪ್ಪಡಿಯ ಮೇಲೆ ಬಿಸಿಲಿನ ಹೊನ್ನಿನ ಎಳೆಯೊಂದಿತ್ತು. ಅದರ ಬಗ್ಗೆ ನನಗೆ ಬಹಳ ಹೆಮ್ಮೆ. ಬೆಳಗಿನ ಫೋಟೋದಲ್ಲೂ ಅದೇ ಎಳೆ. ಮಧ್ಯಾಹ್ನದ್ದರಲ್ಲೂ. ಮಳೆಗಾಲಕ್ಕೆ ಮುಂಚೆ ಕೂದಲಿನಷ್ಟಿದ್ದದ್ದು ಈಗ ಬೆರಳಿನಷ್ಟು. ಅದು ಬೆಳಕಲ್ಲ, ಬಿರುಕು. ಅದರ ಕೆಳಗೇ ಮುದುಕಿ ತಲೆಯಿಡುವ ಜಾಗ.

ಬೆಳಗಿನ ಹನ್ನೊಂದು ಗಂಟೆಯಾಗಿತ್ತು; ಅವಳು ಮಲಗುವ ಹೊತ್ತು ಹತ್ತಿರವಾಗಿತ್ತು. ಕುಣಿಗಲ್ ದಾಟುವವರೆಗೆ ಸ್ಕೂಟರನ್ನು ಹೇಗೆ ಓಡಿಸಿದೆನೋ ಗೊತ್ತಿಲ್ಲ.

ಮುದುಕಿ ಅಲ್ಲೇ ಒರಗಿದ್ದಳು, ಪಕ್ಕದಲ್ಲೊಂದು ಆಡಿನ ಮರಿ. ಕೂಗಿದರೆ ಕಲ್ಲು ಬಿದ್ದೀತೆಂದು ಹೆದರಿ ಮೆಲ್ಲಗೆ ಕೈಬೀಸಿ ಕರೆದೆ.

"ಏಳಾಕಿಲ್ಲ ಓಗ್ ಸಾ. ದಿನಾ ಎಬ್ಬುಸ್ತೀಯ. ಇವತ್ತು ನಂದೂ ಒಂದ್ ಫೋಟೋ ಹೊಡಿ, ಆಮೇಕೆ ಏಳ್ತೀನಿ."

"ಬಿಸಿಲಿಗೆ ಬಾ ತಾಯಿ, ಚೆನ್ನಾಗ್ ಬರುತ್ತೆ."

"ಬಿಸ್ಲಲ್ಲಿ ಇನ್ನೂ ಕರ್ರಗ್ ಕಾಣ್ತೀನಿ. ನೆಳ್ಳಲ್ಲೇ ಹೊಡಿ."

"ಕಲ್ಲು ಬೀಳುತ್ತಮ್ಮ!"

"ನಮ್ಮಜ್ಜಿ ಕಾಲ್ದಿಂದ ಬೀಳ್ತಾನೇ ಐತೆ, ಬುಡು."

ಬೇರೆ ದಾರಿ ಕಾಣಲಿಲ್ಲ. ತಲೆ ಬಗ್ಗಿಸಿ ಮರ್ಯಾದೆ ಕೊಟ್ಟರೆ ಚಪ್ಪಡಿ ಬೀಳಲಾರದು ಎಂಬ ನಂಬಿಕೆಯಿಂದ ನಡು ಬಾಗಿಸಿ ಒಳಗೆ ನುಗ್ಗಿದೆ. ಕತ್ತಿನ ಮೇಲೆ ಮಣ್ಣು ಉದುರಿತು. ಮರಿಯನ್ನು ಬಾಚಿಕೊಂಡು ಹೊರಗೋಡಿದೆ.

"ಅಯ್ಯೋ ನನ್ ಮರಿ! ಲೇ ಕಳ್ ಮುದ್ಕ, ನಿಂತ್ಕಳೋ!"

ಆ ವಯಸ್ಸಿಗೆ ಅವಳು ಓಡಿದ ಓಟವನ್ನು ನಾನು ಯಾವ ಕ್ರೀಡಾಕೂಟದಲ್ಲೂ ಕಂಡಿಲ್ಲ. ರಸ್ತೆ ಬದಿಯಲ್ಲಿ ಕುಸಿದು ಕೂತು, ಹಿಂದಿದ್ದ ಮಂಟಪದತ್ತ ಬೆರಳು ತೋರಿಸಿದೆ. ಕಲ್ಲೇನೂ ಬಿದ್ದಿರಲಿಲ್ಲ. ಆದರೆ ಬಿರುಕಿನಿಂದ ಮಣ್ಣು ಸಣ್ಣಗೆ, ಸಮನಾಗಿ, ಅವಳು ಮಲಗಿದ್ದ ಜಾಗಕ್ಕೆ ಸುರಿಯುತ್ತಲೇ ಇತ್ತು. ನೋಡುತ್ತ ನೋಡುತ್ತ ಅವಳೂ ಕೂತಳು.

"ಮರಿ ಕೊಡ್ ಸಾ, ಉಸ್ರು ಕಟ್ತದೆ" ಎಂದಳು ಆಮೇಲೆ, ಮೆತ್ತಗೆ.

ಕೊಡೋಣವೆಂದರೆ ನನ್ನ ಕೈಗಳು ಬಿಡಲೊಲ್ಲವು. ಅವಳೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.