ಮೂರು ಬಡಾವಣೆಗೆ ನೂರು ಗಿಡ

ಗಂಡನ ಕೆಲಸ ಏನೆಂದು ಯಾರಾದರೂ ಕೇಳಿದರೆ ಪಾರ್ವತಮ್ಮ, "ಗಿಡಗಳ್ನ ಟೂರು ಕರ್ಕಂಡೋಯ್ತಾರೆ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಪಾಪ, ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು.

ಪಾಂಡವಪುರ, ಕೃಷ್ಣರಾಜಪೇಟೆ, ಅರಕೆರೆ, ಈ ಮೂರು ಕಡೆ ರಘುನಂದನ್ ಎಂಬಾತ ಗದ್ದೆ ಬಯಲನ್ನು ಮಟ್ಟ ಮಾಡಿಸಿ ಬಡಾವಣೆ ಎಬ್ಬಿಸಿದ್ದ. ಒಂದೊಂದು ಬಡಾವಣೆಯ ಪಾರ್ಕಿನಲ್ಲೂ ನೂರು ಗಿಡ ನೆಟ್ಟರೇ ಸೈಟು ಮಾರಲು ಸರ್ಕಾರದ ಒಪ್ಪಿಗೆ. ಆಮೇಲೂ ವರ್ಷಕ್ಕೊಮ್ಮೆ ಸಾಹೇಬರು ಬಂದು, ಗಿಡ ಬದುಕಿವೆಯೇ ಎಂದು ಎಣಿಸಿ ಹೋಗಬೇಕು. ಮೂರು ಬಡಾವಣೆಗೆ ಮುನ್ನೂರು ಗಿಡವಾಯಿತಲ್ಲ? ರಘುನಂದನ್ ನೂರೇ ತಂದ. ತಾಲೂಕಿಗೊಬ್ಬರು ಸಾಹೇಬರು ಇರುವಾಗ ಗಿಡದ ಗುರುತು ಹಿಡಿಯುವವರು ಯಾರು?

ಹೊಂಗೆ, ಬೇವು, ನೇರಳೆ ಸೇರಿದ ಆ ನೂರು ಗಿಡ ಪಾರ್ವತಮ್ಮನ ಗಂಡ ಮಂಚಯ್ಯನ ಕೈಗೆ ಬಂದವು. ಗುಂಡಿ ತೋಡುವುದು, ಕರಿ ಕವರಿನ ಸಮೇತ ಗಿಡ ಇಳಿಸುವುದು, ಮೇಲೆ ಎರಡು ಬೊಗಸೆ ಮಣ್ಣೆಳೆಯುವುದು. ಎಣಿಕೆ ಮುಗಿದ ಮೇಲೆ ಎಲ್ಲವನ್ನೂ ಟ್ರಾಕ್ಟರಿಗೆ ತುಂಬಿ ಮುಂದಿನ ಊರಿಗೆ ಒಯ್ಯುವುದು. ನಿಯಮ ಒಂದೇ: ಕವರು ಹರಿಯಕೂಡದು. ಪಾಂಡವಪುರದ ಬಡಾವಣೆ ಎದ್ದ ನೆಲದಲ್ಲೇ ಮೂವತ್ತು ವರ್ಷ ಗೇಯ್ದವನಿಗೆ ಇದು ಅನ್ನ ಕಲಸಿಟ್ಟು ಉಣ್ಣಬೇಡ ಎಂದ ಹಾಗಿತ್ತು. ನೀರು ಹಾಕುವಾಗ, "ತಡ್ಕಳ್ರಪ್ಪ, ಇನ್ನೊಂದೂರು" ಎಂದು ಗಿಡಗಳಿಗೇ ಸಮಾಧಾನ ಹೇಳುತ್ತಿದ್ದ. ಅವುಗಳ ಮುಖ ನೋಡಲು ಅವನಿಗೆ ನಾಚಿಕೆಯಾಗುತ್ತಿತ್ತು.

ಎರಡು ವರ್ಷ ಹೀಗೇ ತಿರುಗಿದ ಮೇಲೆ, ಒಂದು ಮುಂಗಾರಿನಲ್ಲಿ ಪಾಂಡವಪುರದ ಸಾಹೇಬರಿಗೆ ವರ್ಗವಾಯಿತು. ಹೊಸಬರು ಬರುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು; ಅಷ್ಟೂ ದಿನ ಗಿಡಗಳು ಅಲ್ಲೇ ನಿಂತಿದ್ದವು. ಬಂದವರು ಎಣಿಸಿದರು, ಸಹಿ ಹಾಕಿದರು, ಹೋದರು. ಮರುದಿನವೇ ಕೃಷ್ಣರಾಜಪೇಟೆಯ ಎಣಿಕೆ, ಊರವರ ಬಾಯಲ್ಲಿ ಅದು ಬರೀ ಪೇಟೆ. ಟ್ರಾಕ್ಟರು ಬಂದು ನಿಂತಿತು. ಮಂಚಯ್ಯ ಮೊದಲ ಹೊಂಗೆಯ ಬುಡ ಹಿಡಿದು ಎಳೆದರೆ ಅದು ಜಪ್ಪಯ್ಯ ಎನ್ನಲಿಲ್ಲ. ಪಕ್ಕದ ಬೇವೂ ಅಷ್ಟೇ. ಮಣ್ಣು ಕೆದಕಿ ನೋಡಿದರೆ, ಬೇರುಗಳು ಕವರಿನ ತಳ ಸೀಳಿಕೊಂಡು ನೆಲಕ್ಕೆ ಇಳಿದುಬಿಟ್ಟಿದ್ದವು.

ರಘುನಂದನ್ ಕಾರಿನಿಂದ ಇಳಿದವನೇ ಕೂಗಾಡಿದ. "ಬೇರು ಕೊಚ್ಚಾಕು ಮಂಚಣ್ಣ! ನಾಳೆ ಅನ್ನೊಂದಕ್ಕೆ ಪೇಟೆ ಸಾಹೇಬ್ರು ಬತ್ತಾವ್ರೆ. ಒಂದಿನ ಅಸುರಾಗಿ ನಿಂತ್ಕಂಡ್ರೆ ಸಾಕು, ಆಮೇಲೆ ಒಣಗ್ಲಿ ಬುಡು."

ಮಂಚಯ್ಯ ಮಚ್ಚು ಹಿಡಿದು ಕುಕ್ಕರುಗಾಲಲ್ಲಿ ಕುಳಿತ. ಕೈ ಮೇಲೇಳಲಿಲ್ಲ. ಕೊಚ್ಚಿದರೆ ನೂರೂ ಸಾಯುತ್ತವೆ, ಕೊಚ್ಚದಿದ್ದರೆ ಕೆಲಸ ಹೋಗುತ್ತದೆ. ತಲೆ ಎತ್ತಿದವನಿಗೆ ಗೇಟಿನ ಬಳಿ ಎರಡು ಪೈಪಿನ ಮೇಲೆ ನಿಂತ ಬಡಾವಣೆಯ ತಗಡಿನ ಬೋರ್ಡು ಕಂಡಿತು.

"ಸಾ, ಗಿಡ ಬರಾಕಿಲ್ಲ. ಪೇಟೆ ಬೋರ್ಡ್ನೇ ಇಲ್ಲಿಗೆ ತರ್ಸಿ. ಬೋರ್ಡ್‌ಗೆ ಬೇರಿಲ್ಲ."

ರಘುನಂದನ್ ಟ್ರಾಕ್ಟರಿನವನನ್ನು ಪೇಟೆಗೆ ಅಟ್ಟಿದ.

ಮರುದಿನ ಪೇಟೆಯ ಸಾಹೇಬರಿಗೆ ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಕಾರಿನಲ್ಲಿ ಕರೆತಂದರು. ಮುಕ್ಕಾಲು ಗಂಟೆ ಕಳೆದರೂ ಕಾರು ನಿಲ್ಲಲಿಲ್ಲ.

"ಹೋದ ಸಲ ಬಡಾವಣೆ ಇಷ್ಟು ದೂರ ಇರಲಿಲ್ವಲ್ರಿ?"

"ಪೇಟೆ ಬೆಳೀತಾ ಐತೆ ಸಾ."

ಸಾಹೇಬರು ಬೋರ್ಡು ನೋಡಿದರು, ಗಿಡ ಎಣಿಸಿದರು, ಫೋಟೋ ಹೊಡೆದರು. "ಮೊಬೈಲು ಪಾಂಡವಪುರ ಅಂತ ತೋರಿಸ್ತಿದೆಯಲ್ಲ?" ಎಂದರು. ಟವರು ಅಲ್ಲಿಯದು ಎಂದು ರಘುನಂದನ್ ಹೇಳಿದ. ಸಾಹೇಬರು ಒಂದು ಹೊಂಗೆಯನ್ನು ಹಿಡಿದು ಜಗ್ಗಿ ನೋಡಿ, ಗಿಡಗಳು ಚೆನ್ನಾಗಿ ಬೇರೂರಿವೆ ಎಂದು ಬರೆದುಕೊಂಡರು. ಅಷ್ಟೂ ಕಡತದಲ್ಲಿ ಸತ್ಯವಾದ ಮಾತು ಅದೊಂದೇ.

ಅಲ್ಲಿಂದ ಮುಂದೆ ಗಿಡಗಳು ನಿಂತವು, ಬೋರ್ಡುಗಳು ತಿರುಗಿದವು. ಒಂದು ಗಿಡ ಒಣಗಿದರೂ ಮೂರು ಬಡಾವಣೆಗೂ ಕುತ್ತು ಎಂದು ಗೊತ್ತಾದ ರಘುನಂದನ್ ಸುತ್ತ ತಂತಿಬೇಲಿ ಹಾಕಿಸಿ, ಎಲೆ ಕಿತ್ತವರ ಕೈ ಮುರಿಯುತ್ತೇನೆಂದ. ನಾಲ್ಕು ವರ್ಷದಲ್ಲಿ ಹೊಂಗೆಗಳು ಆಳೆತ್ತರ ದಾಟಿ ನೆರಳು ಕೊಟ್ಟವು. ಮಂಚಯ್ಯ ಅವುಗಳಡಿ ಮಲಗಿ ಸುಖವಾಗಿದ್ದ.

ಒಂದು ಭಾನುವಾರ ಮಧ್ಯಾಹ್ನ ಬಿಸಿಲಲ್ಲಿ ಬೆವರುತ್ತ ಕಮಲ ಎಂಬ ನಿವೃತ್ತ ಸ್ಕೂಲ್ ಮೇಡಂ ಬಂದರು. ಪೇಟೆಯ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವರು. ಕೈಯಲ್ಲಿ ಒಪ್ಪಿಗೆ ಪತ್ರದ ಜೆರಾಕ್ಸಿತ್ತು, ಅದರಲ್ಲಿ ಗಿಡಗಳ ಪಕ್ಕ ಮಂಚಯ್ಯ ನಿಂತ ಫೋಟೋ.

"ನಮ್ಮ ಬಡಾವಣೇಲಿ ನೂರು ಗಿಡ ಇವೆ ಅಂತ ಇದರಲ್ಲಿದೆ. ಎರಡು ವರ್ಷದಿಂದ ಹುಡುಕ್ತಿದ್ದೀನಿ. ಮೊನ್ನೆ ಯಾರೋ ನಿಮ್ಮ ಮುಖದ ಗುರುತು ಹಿಡಿದ್ರು. ಇವೇನಾ ನಮ್ಮ ಗಿಡ?"

ಮಂಚಯ್ಯನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಊ ಕಣವ್ವ, ಇವೇಯ" ಎಂದ.

ಅವರು ಬೈಯಲಿಲ್ಲ. ಒಂದು ಹೊಂಗೆಯ ಕೆಳಗೆ ಟವೆಲ್ ಹಾಸಿ ಕುಳಿತು, ಡಬ್ಬಿಯ ಮೊಸರನ್ನ ತಿಂದರು. "ನೆರಳು ಚೆನ್ನಾಗಿದೆ" ಎಂದು ಹೇಳಿ ಮೂರು ಗಂಟೆಯ ಬಸ್ಸಿಗೆ ವಾಪಸು ಹೋದರು. ಅವತ್ತು ಮಂಚಯ್ಯನಿಗೆ ಮುದ್ದೆ ಇಳಿಯಲಿಲ್ಲ. ಬೈದಿದ್ದರೆ ಇಳಿಯುತ್ತಿತ್ತೇನೋ.

ಮುಂದಿನ ಭಾನುವಾರ, ಉದುರಿದ ಬೀಜದಿಂದ ತಾನೇ ಎಬ್ಬಿಸಿದ್ದ ಒಂದು ಹೊಂಗೆ ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು ಪೇಟೆಯ ಬಸ್ಸು ಹತ್ತಿದ. ಮೇಡಂ ಮನೆಯ ಗೇಟಿನ ಮುಂದೆ ಗುಂಡಿ ತೋಡಿದ, ಸಸಿ ಇಳಿಸಿದ, ಎರಡು ಬೊಗಸೆ ಮಣ್ಣೆಳೆದು ಎದ್ದು ಕೈ ಕೊಡವಿಕೊಂಡ.

"ಕವರು?" ಎಂದರು ಕಮಲ.

"ಮರ್ತೇ ಓಗಿತ್ತು ಕಣವ್ವ" ಎಂದ ಮಂಚಯ್ಯ. ಮತ್ತೆ ಕುಳಿತು ಸಸಿಯನ್ನು ಮೇಲೆತ್ತಿ, ಕವರು ಹರಿದು, ಬೇರು ಬಿಡಿಸಿ, ಮಣ್ಣು ತುಂಬಿ ಅಂಗೈಯಿಂದ ಅದುಮಿದ. ಗಿಡ ನೆಡುವವನೆಂದು ಆರು ವರ್ಷ ಸಂಬಳ ತಿಂದಿದ್ದವನು ನೆಟ್ಟ ಮೊದಲ ಗಿಡ ಅದು.