ತಂಗಿ ಮಾರಿದ ರೊಟ್ಟಿ

ನಾಗನೂರಿನ ನಮ್ಮ ಮನೆಯಲ್ಲಿ ಶನಿವಾರ ಬೆಳಗ್ಗೆ ರೊಟ್ಟಿ ಬಡಿಯುವವನು ನಾನೇ. ಅವ್ವ ಹೋದ ಮೇಲೆ ಕಲಿತದ್ದು. ಸಪ್ಪಳ ಕೇಳಿದರೆ ಸಾಕು, ಗೋಡೆಯಾಚೆಯ ಕಾಕಾ ಶುರು ಮಾಡುತ್ತಿದ್ದ.

"ಏನಪಾ, ಹೆಂಡ್ತಿ ತರೂದು ಬಿಟ್ಟು ನೀನ ಹೆಂಡ್ತಿ ಆದೆಲ್ಲೋ!"

"ನಿಮ್ಮ ಮನಿ ರೊಟ್ಟಿಗಿಂತ ತೆಳ್ಳಗ ಅದಾವ, ಬಂದ ನೋಡ್ರಿ."

ಸುಳ್ಳಲ್ಲ, ತೆಳ್ಳಗೇ ಇರುತ್ತಿದ್ದವು.

ಆ ರೊಟ್ಟಿ ಧಾರವಾಡದಲ್ಲಿ ಎಂ.ಎ. ಓದುವ ತಂಗಿಗೆ. ಖಡಕ್ ಆಗುವವರೆಗೆ ಒಣಗಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಅವಳ ಹೆಸರು ಬರೆದು ಗೋಕಾಕದಲ್ಲಿ ಬಸ್ಸಿಗೆ ಇಡುತ್ತಿದ್ದೆ. ನಮ್ಮ ಕಡೆ ಓದುವ ಮಕ್ಕಳ ಬುತ್ತಿ ಹೋಗುವುದೇ ಹಾಗೆ. ಡ್ರೈವರನ ಬಾಜೂ ಗಂಟುಗಳ ಗುಡ್ಡೆ ಬಿದ್ದಿರುತ್ತದೆ. ಧಾರವಾಡದ ಬಸ್‌ಸ್ಟ್ಯಾಂಡಿಗೆ ಮಕ್ಕಳು ಬಂದು ತಮ್ಮ ತಮ್ಮದು ಎತ್ತಿಕೊಳ್ಳುತ್ತಾರೆ.

ಅಪ್ಪ ತೀರಿದಾಗ ತಂಗಿ ತೊಟ್ಟಿಲಲ್ಲಿದ್ದಳು. ನಾನು ಏಳನೆಯ ಇಯತ್ತೆಗೇ ಸಾಲೆ ಬಿಟ್ಟು ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಅಂಗಡಿ ಸೇರಿದೆ. ಈಗ ಅಲ್ಲಿ ಹಿರೇ ಮಿಸ್ತ್ರಿ. ನನ್ನ ಬೆಸುಗೆ ಬಿಟ್ಟಿತೆಂದು ಹುಕ್ಕೇರಿಯಿಂದಾಗಲಿ ಹಿಡಕಲ್ ಕಡೆಯಿಂದಾಗಲಿ ಒಬ್ಬ ಗಿರಾಕಿಯೂ ತಿರುಗಿ ಬಂದಿಲ್ಲ. ಪಗಾರವಾದ ಸಂಜೆಯೇ ಫೋನಿನಲ್ಲಿ ತಂಗಿಗೆ ರೊಕ್ಕ ಹಾಕುತ್ತಿದ್ದೆ. ಸಾಲದಿದ್ದರೆ ಓವರ್‌ಟೈಮ್. ಯಾರ ಮುಂದೆಯೂ ಕೈ ಚಾಚಿದವನಲ್ಲ.

ಕಳೆದ ವರ್ಷ ಗಣಪತಿ ಹಬ್ಬಕ್ಕೆ ಬಂದು ಹೋದ ಮೇಲೆ ಅವಳು ರೊಟ್ಟಿ ಹೆಚ್ಚು ಕಳಿಸು ಎನ್ನತೊಡಗಿದಳು. ಚೆನ್ನಾಗಿ ಉಣ್ಣುತ್ತಿದ್ದಾಳೆಂದು ಹಿಗ್ಗಿದೆ. ಆಮೇಲೆ ಒಂದು ದಿನ ಫೋನು.

"ಅಣ್ಣಾ, ಈ ತಿಂಗಳ ರೊಕ್ಕ ಬ್ಯಾಡ."

"ಯಾಕ?"

"ಅದಾವ."

ಬೇಡವೆಂದರೂ ಹಾಕಿದೆ. ಅಷ್ಟೂ ತಿರುಗಿ ನನ್ನ ಖಾತೆಗೇ ಬಂತು. ಮುಂದಿನ ತಿಂಗಳೂ ಅದೇ. ಓದು ಬಿಟ್ಟು ಯಾವುದೋ ಅಂಗಡಿ ಸೇರಿದ್ದಾಳೆ, ನನ್ನ ಹಾಗೆ: ಈ ಒಂದೇ ವಿಚಾರ ತಲೆಯಲ್ಲಿ ಕೂತಿತು. ಹಂಚಿಕೊಳ್ಳಲು ಮನೆಯಲ್ಲಿ ಇನ್ನೊಂದು ಜೀವ ಇರಲಿಲ್ಲ. ಆ ಶನಿವಾರ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಬಸ್ಸು ಹತ್ತಿದೆ.

ಅವಳ ಖೋಲಿಯ ಬಾಗಿಲು ತೆರೆದದ್ದು ಬೇರೆ ಹುಡುಗಿ. ಗಂಟು ನೋಡಿದ್ದೇ, "ಏ, ರೊಟ್ಟಿ ಬಂದ್ವು!" ಎಂದು ಒಳಗೆ ಕೂಗಿ ನನ್ನ ಕೈಗೆ ನೂರರ ನೋಟು ತುರುಕಿದಳು. "ಈ ಸಲ ನನಗ ಹತ್ತ ತಗದ ಇಡ್ರಿ ಅಂಕಲ್." ಅವಳ ಹಿಂದೆ, ತೆರೆದ ಪುಸ್ತಕ ಹಿಡಿದುಕೊಂಡೇ ನಿಂತಿದ್ದಳು ನನ್ನ ತಂಗಿ.

ಓದು ಬಿಟ್ಟಿಲ್ಲವೆಂದು ಜೀವ ತಣ್ಣಗಾಯಿತು. ಆದರೂ ಬಾಯಿಗೆ ಬಂದದ್ದು ಸಿಟ್ಟೇ.

"ಮನಿ ರೊಟ್ಟಿ ಮಾರಾಕತ್ತೀಯೇನು? ನಮ್ಮ ಮನ್ಯಾಗ ಬಂದವರಿಗೆ ನೀಡೇವಿ, ಮಾರಿಲ್ಲ."

"ಮದಲ ನಾನೂ ಹಂಗ ಕೊಟ್ಟೆ ಅಣ್ಣಾ. ಅವರೇ ರೊಕ್ಕ ಕೈಯಾಗ ಇಟ್ರು, ಮೆಸ್ಸಿನವಕ್ಕಿಂತ ಚಲೋ ಅದಾವಂತ."

"ರೊಕ್ಕ ನಾ ಕೊಡೂದಿಲ್ಲೇನು?"

"ಹಬ್ಬದಾಗ ನಿನ್ನ ಕಣ್ಣ ನೋಡೀನಿ. ವೆಲ್ಡಿಂಗ್ ಮಾಡಿ ಮಾಡಿ ಬೆಂಕಿ ಆಗಿದ್ವು. ಸ್ಕಾಲರ್‌ಶಿಪ್ಪಿನಾಗ ಬಾಡಗಿ ಹೋಗತೈತಿ, ಉಳದದ್ದು ರೊಟ್ಟಿ ನೋಡ್ಕೋತಾವ. ನಾ ಬಿಟ್ಟದ್ದು ನಿನ್ನ ಓವರ್‌ಟೈಮಿನ ರೊಕ್ಕ ತಿನ್ನೂದು ಅಷ್ಟ. ಬೈದ್ರ ಬೈ, ಮುಂದಿನ ವಾರ ಶೇಂಗಾ ಚಟ್ನಿನೂ ಕಳಸು. ಕೇಳಾಕತ್ತಾರ."

ಹುಡುಗಿಯರು ನಕ್ಕರು. ನನಗೂ ನಗು ಬಂತು. ಅವರ ನಡುವೆ ನೆಲದ ಮೇಲೆ ಕೂತು ನಾನು ತಟ್ಟಿದ ರೊಟ್ಟಿ ನಾನೇ ಉಂಡೆ. ಯಾರಿಗೆಷ್ಟು ರೊಟ್ಟಿ, ಎಷ್ಟು ರೊಕ್ಕ, ಲೆಕ್ಕವೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು, ಎಲ್ಲಿಯೂ ಅವಳು ತಡವರಿಸಲಿಲ್ಲ. ಹೆಮ್ಮೆಯೇನೋ ಆಯಿತು. ಆದರೆ ತಿರುಗಿ ಬರುವ ಬಸ್ಸಿನಲ್ಲಿ ಕೈ ಖಾಲಿ, ತೊಡೆ ಖಾಲಿ. ಇಷ್ಟು ವರ್ಷ ಯಾರಿಗಾಗಿ ದುಡಿದೆನೋ ಅವಳು ನನ್ನ ದುಡಿಮೆಯಿಂದ ಮೆಲ್ಲಗೆ ಇಳಿದು ಹೋಗಿದ್ದಳು.

ಸೋಮವಾರ ಮಾಲಕರಿಗೆ ಓವರ್‌ಟೈಮ್ ಬೇಡವೆಂದೆ. ಹೊತ್ತು ಮುಳುಗುವ ಮೊದಲೇ ಮನೆ ಮುಟ್ಟಿದೆ. ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತೆ. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಓಣಿಯ ಹೆಣ್ಣುಮಗಳು ನಿಂತು ನೋಡಿದಳು.

"ಯಾರ ಹಾದಿ ನೋಡಾಕತ್ತೀರಿ ಅಣ್ಣಾರ?"

"ಯಾರದೂ ಇಲ್ಲವ್ವಾ. ಸುಮ್ನ ಕುಂತೇನಿ."

ಅವಳು ಹೋದಳು. ಕತ್ತಲಾಗಲು ಇನ್ನೂ ಬಹಳ ಹೊತ್ತಿತ್ತು.