ಸೂಲಗಿತ್ತಿ ಹೇಳಿದ ಅರವತ್ತಮೂರು ಹೆಸರು

ಬಾಣಂತಿಯ ಮನೆಯ ಬಚ್ಚಲಲ್ಲಿ ಮರಿತಾಯಮ್ಮ ಕಾಲು ನೀಡಿ ಕೂತಿದ್ದಾಳೆ. ಒಂಬತ್ತು ದಿನದ ಕೂಸು ಅವಳ ಕಾಲ ಮೇಲೆ ಬೋರಲು ಮಲಗಿದೆ. ಹರಳೆಣ್ಣೆ ತಿಕ್ಕಿದ ಬೆನ್ನಿಗೆ ನೀರು ಬಿದ್ದದ್ದೇ ತಡ, ಕಿರುಚುತ್ತದೆ. "ಅರಚು, ಅರಚು. ಊರಿಗೇ ಕೇಳ್ಲಿ." ಇನ್ನೂ ಬೆಳಕು ಹರಿದಿಲ್ಲ, ಹೊತ್ತೇರುವುದರೊಳಗೆ ಇಂಥ ಮೂರು ಮನೆ ಮುಗಿಯಬೇಕು.

ಮಳವಳ್ಳಿ ಸೀಮೆಯ ಅರೆಕಲ್ಲಹಳ್ಳಿಯ ಈ ಸೂಲಗಿತ್ತಿಯನ್ನು ಸುತ್ತಲ ಹನ್ನೊಂದು ಹಳ್ಳಿಗಳು ಕರೆಯುತ್ತವೆ. ಗಂಡ ಪ್ಲೇಗಿಗೆ ತುತ್ತಾದ ಮೇಲೆ ಅತ್ತೆಯಿಂದ ಕಲಿತ ಕೆಲಸ, ಮೂವತ್ತು ವರ್ಷವಾಯಿತು. ಹೆರಿಗೆಗೆ ಒಂದು ಮೊರ ರಾಗಿ, ಒಂದು ಕುಪ್ಪಸದ ಬಟ್ಟೆ. ಅವಳ ಹೆಸರು ಯಾವ ಕಾಗದದಲ್ಲೂ ಇಲ್ಲ. ಆದರೆ ಈ ೧೯೪೬ರಲ್ಲಿ ಊರಿಗೆ ಹೈಸ್ಕೂಲು ಬರುತ್ತಿರುವುದು ಅವಳಿಂದ ಎಂದು ಮಿಡ್ಲ್ ಸ್ಕೂಲಿನ ಹುಡುಗರು ಆಣೆ ಮಾಡಿ ಹೇಳುತ್ತಾರೆ.

ಅರ್ಜಿ ಹಿಡಿದು ಮಳವಳ್ಳಿಗೆ ನಡೆದವರು ಆ ಹುಡುಗರೇ. ಇಲಾಖೆಯವರು ಕೇಳಿದ್ದು ಒಂದೇ: ಹೈಸ್ಕೂಲಿನ ವಯಸ್ಸಿನ ಅರವತ್ತು ಮಕ್ಕಳ ಪಟ್ಟಿ, ಹದಿನೈದು ದಿನದೊಳಗೆ. ಇಲ್ಲವಾದರೆ ಹೈಸ್ಕೂಲು ಬೇರೆ ಊರಿಗೆ. ಮನೆಮನೆ ತಿರುಗಿದರೂ ಸಿಕ್ಕಿದ್ದು ಇಪ್ಪತ್ತೆರಡು. ಮಕ್ಕಳನ್ನು ಎಣಿಸಿದರೆ ದೃಷ್ಟಿಯಾಗುತ್ತದೆಂದು ತಾಯಂದಿರು ಬಾಯಿ ಬಿಡಲಿಲ್ಲ. ಹುಡುಗರ ಮುಂದಾಳು ಪುಟ್ಟಸ್ವಾಮಿ ಅದನ್ನು ನೆನೆದು ನಗುತ್ತಾನೆ: "ಎಷ್ಟು ಮಕ್ಳವ್ವ ಅಂದ್ರೆ, 'ದ್ಯಾವ್ರು ಕೊಟ್ಟಷ್ಟು, ನಡೀಲಾ' ಅಂತ ಪೊರಕೆ ತಗೊಂಡ್ರು."

ಕಡೆಗೆ ಅವರು ಮರಿತಾಯಮ್ಮನ ಜಗಲಿಗೆ ಬಂದರು.

"ನೀನೇ ಗತಿ ಕಣಜ್ಜಿ."

"ನಾನೂ ಎಣಿಸಾಕಿಲ್ಲ ಕಣ್ಲಾ. ಎಸ್ರು ಏಳ್ತೀನಿ, ಬರ್ಕೊ."

ಕಣ್ಣು ಮುಚ್ಚಿ ಮನಸ್ಸಿನಲ್ಲೇ ಬೀದಿ ಬೀದಿ ನಡೆದಳು. "ಬಂಡೂರು ಚಿಕ್ಕಬೋರಯ್ಯನ ಮಗ ತಿಮ್ಮಯ್ಯ, ರಾಗಿ ಕುಯ್ಲಲ್ಲಿ ಕಾಲು ಮುಂದಾಗಿ ಬಂದೋನು. ಅಂಕಮ್ಮನ ಅವಳಿ, ಎರಡೂ ಎಣ್ಣು, ಕೆರೆ ಕೋಡಿ ಬಿದ್ದ ವರ್ಷ..."

ಪುಟ್ಟಸ್ವಾಮಿಯ ಕೈ ನಿಂತಿತು. "ಎಣ್ಣೈಕ್ಳುನ್ನೂ ಬರೀಬೇಕಾ?"

"ಯಾಕ್ಲಾ, ಅವುನ್ನ ಹೆತ್ತಾಗ ಅವ್ರವ್ವಂಗೆ ನೋವು ಕಮ್ಮಿ ಇತ್ತಾ?"

ಅರವತ್ತಮೂರು ಹೆಸರಾಯಿತು. ತನಿಖೆಗೆ ಬಂದ ಸಾಹೇಬರ ಮುಂದೆ ಮರಿತಾಯಮ್ಮನೇ ನಿಂತು ಒಂದೊಂದು ಹೆಸರನ್ನೂ ಕೂಗಿದಳು. ಅವಳ ದನಿಗೆ ಇಲ್ಲವೆನ್ನುವ ತಾಯಿ ಒಬ್ಬಳೂ ಇರಲಿಲ್ಲ. ಮಕ್ಕಳನ್ನು ಕೈಹಿಡಿದು ಎಳೆದುಕೊಂಡು ಬಂದರು.

ನೆನ್ನೆ ಮಂಜೂರಾತಿ ಬಂದಿದೆ. ಮರಿತಾಯಮ್ಮ ಮೂರನೇ ಮನೆಗೆ ಬರುವಷ್ಟರಲ್ಲಿ ಬೀದಿಯಲ್ಲಿ ತಮಟೆ ಶುರುವಾಗಿದೆ. ಹುಡುಗರು ಬಾಗಿಲಲ್ಲೇ ಕುಣಿಯುತ್ತಾರೆ. "ಗೆದ್ವಿ ಕಣಜ್ಜಿ!"

"ಮೆಲ್ಲಗೆ ಕೂಗ್ರಲಾ, ಕೂಸು ಬೆಚ್ತದೆ," ಎನ್ನುವವಳ ಮುಖವೆಲ್ಲ ನಗೆ.

ಕೂಸಿಗೆ ಧೂಪದ ಹೊಗೆ ಹಿಡಿಯುವಾಗ ಅವಳ ಕೈ ತಡೆಯುತ್ತದೆ. ಹನ್ನೊಂದು ಹಳ್ಳಿಯ ಮಕ್ಕಳನ್ನು ಹೆಸರಿಸಿದವಳು ತನ್ನ ಮೊಮ್ಮಗಳು ಪಟ್ಟಲಮ್ಮನ ಹೆಸರನ್ನೇ ಹೇಳಿರಲಿಲ್ಲ. ಹದಿಮೂರರ ಹುಡುಗಿ, ಮಿಡ್ಲ್ ಸ್ಕೂಲು ಮುಗಿಸಿದ್ದಾಳೆ. ಕಿರುಗಾವಲಿನ ಗಂಡಿನ ಕಡೆಯವರು ನೋಡಿ ಒಪ್ಪಿ ಹೋಗಿದ್ದಾರೆ, ಶುಕ್ರವಾರ ವೀಳ್ಯ ಬದಲಾಯಿಸಲು ಬರುತ್ತಾರೆ.

ಮರಿತಾಯಮ್ಮ ಕೂಸನ್ನು ಬಿಗಿಯಾಗಿ ಸುತ್ತಿ ತಾಯಿಯ ಮಗ್ಗುಲಿಗೆ ಮಲಗಿಸುತ್ತಾಳೆ. ನಾಳೆ ಬೆಳಗಿನ ಸ್ನಾನಗಳು ಮುಗಿದ ಮೇಲೆ ಕಿರುಗಾವಲಿಗೆ ನಡೆದು ಹೋಗಬೇಕು. ಬರಬೇಡಿ ಎಂದು ಹೇಳಿ ಬರಬೇಕು.

"ಯಾಕಜ್ಜಿ, ನಗ್ತಿದ್ದೀಯೆ?" ಬಾಣಂತಿ ಕೇಳುತ್ತಾಳೆ.

"ಏನೂ ಇಲ್ಲ ಕಣವ್ವ. ಮಲಕ್ಕೊ."